ಕೂರುವ ದೂರ

ಅಳತೆಪಟ್ಟಿ ಆಮೇಲೆ. ಮೊದಲು ಒಂದು ಚಪ್ಪಾಳೆ.
ಮುಹರ್ರಕ್‌ನ ಈ ಮಜ್ಲಿಸ್‌ನಲ್ಲಿ ಅದು
ಗೋಡೆಗೆ ಹೋಯಿತು, ಗಾಜಿಗೆ ಹೋಯಿತು,
ತೂಗುದೀಪ ಸವರಿ
ನಾನು ಕೈಯಿಳಿಸಿದ ಮೇಲೂ ಸಾಯದೆ ಉಳಿಯಿತು.
"ದೊಡ್ಡದೇ ಬೇಕು," ಅಂದರು ಅಬು ರಾಶಿದ್,
"ನನ್ನೆತ್ತರದ್ದು. ದುಡ್ಡಿನ ಮಾತು ಬೇಡ."

ಅಂಥದ್ದು ವ್ಯಾನಿನಲ್ಲೇ ಇತ್ತು.
ಹಮೀದಬ್ಬನೂ ನಾನೂ ಹೊತ್ತು ತಂದೆವು
ಹೆಣಕ್ಕೆ ಹೆಗಲು ಕೊಟ್ಟ ಹಾಗೆ,
ಮೆಟ್ಟಿಲು ಮೆಟ್ಟಿಲಿಗೆ ಇಳಿಸಿ.

ಏನು ಕೇಳುತ್ತೀರಿ ಅಂದರೆ
ಜೇಬಿನಿಂದ ತೆಗೆದರು ಒಂದು ಕ್ಯಾಸೆಟ್ಟು:
ಮುತ್ತಿನ ದೋಣಿಯಲ್ಲಿ ಹಾಡುತ್ತಿದ್ದ ಅಪ್ಪ
ಮುದುಕನಾದ ಮೇಲೆ, ಅಡುಗೆಮನೆಯಲ್ಲಿ ಕೂತು,
ಯಾರೋ ಹಿಡಿದಿಟ್ಟ ಇಪ್ಪತ್ತು ನಿಮಿಷ.

ಹಾಕಿದೆವು.
ಅಪ್ಪ ಎದ್ದು ನಿಂತ, ಹತ್ತು ಜನವಾಗಿ.
ಒಬ್ಬ ಕಂಬದ ಹಿಂದೆ, ಒಬ್ಬ ಛಾವಣಿಯಲ್ಲಿ,
ಮೂಲೆಗೊಬ್ಬ ಗುಂಯ್‌ಗುಡುತ್ತ.
ಪದಗಳೆಲ್ಲ ಗಂಜಿ.
ಮಗ ಕಿವಿ ಮುಂದೆ ಮಾಡಿ
"ಇನ್ನೂ ಜೋರು" ಅಂದರು.

ಇಲ್ಲಿ ಕಸುಬಿನ ಮಾತೊಂದು ಹೇಳಲೇಬೇಕು:
ಕೋಣೆಯೂ ಒಂದು ಸ್ಪೀಕರೇ.
ಎಂಟು ಮೀಟರ್ ಆಚೆ ಕೂತವನಿಗೆ
ಪೆಟ್ಟಿಗೆಯಿಂದ ಬಂದದ್ದು ಬಾಡಿಗೆದಾರ,
ಗೋಡೆಯಿಂದ ಬಂದದ್ದು ಮನೆಯೊಡೆಯ.
ಕಹಳೆಬಾಯಿಯದ್ದು ಹಾಕಬಹುದು, ನೇರ ಎಸೆಯುತ್ತದೆ;
ಅದು ಮದುವೆ ಹಾಲಿನ ಗಂಟಲು,
ಮುದುಕನ ಗುನುಗು ಅದಕ್ಕೆ ಹಿಡಿಸದು.
ದಪ್ಪ ಪರದೆ, ಗೋಡೆಯಿಂದ ಗೋಡೆಗೆ ಜಮಖಾನ, ಅಂದೆ.
ಸೊಸೆ ನೆಲದ ಅಮೃತಶಿಲೆ ನೋಡಿದರು,
ಆಮೇಲೆ ನನ್ನನ್ನು.

ಬಚ್ಚಲು ಹುಡುಕುತ್ತ ದಾರಿ ತಪ್ಪಿ
ನುಗ್ಗಿದ್ದು ಉಗ್ರಾಣಕ್ಕೆ.
ಮಾಡು ಮುಟ್ಟುವ ಬಾಸುಮತಿ ಮೂಟೆ,
ಒಣಗಿ ಕಪ್ಪಾದ ನಿಂಬೆ, ಈರುಳ್ಳಿ.
ಅಭ್ಯಾಸಬಲ, ಚಪ್ಪಾಳೆ ತಟ್ಟಿದೆ.
ಟಪ್. ಅಷ್ಟೇ.
ಸದ್ದು ಹುಟ್ಟಿದಲ್ಲೇ ಕೂತಿತು.

ಅಂಗಡಿಯ ಅತಿ ಸಣ್ಣ ಜೋಡಿ,
ಎರಡಿಟ್ಟಿಗೆಯ ಗಾತ್ರ, ಹಲಗೆಯ ಮೇಲೆ;
ಪೆಟ್ಟಿಗೆಗೆ ಪೆಟ್ಟಿಗೆ ಎರಡು ಮೊಳ,
ಕಿವಿಗೂ ಅಷ್ಟೇ.
ಅಬು ರಾಶಿದ್ ಮೂಟೆಯ ಮೇಲೆ ಕೂತರು,
ಬಿಳಿ ನಿಲುವಂಗಿಗೆ ಅಕ್ಕಿಯ ಧೂಳು.
ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ,
ಮೊದಲೊಂದು ಕೆಮ್ಮು.
ಹಿಂದೆಲ್ಲೋ ಚಮಚ ಲೋಟಕ್ಕೆ ತಾಗಿದ್ದು.
"ಅಮ್ಮ," ಅಂದರು,
"ಸಕ್ಕರೆ ಕದಡುತ್ತಿದ್ದಾಳೆ."
ಹಾಡು ಇನ್ನೂ ಶುರುವಾಗಿರಲಿಲ್ಲ.

ದೊಡ್ಡದನ್ನು ಮತ್ತೆ ಹೊತ್ತೆವು.
ಕಮಿಷನ್ ಹೋಯಿತೆಂದು ಹಮೀದಬ್ಬ
ಸೇತುವೆ ದಾಟುವ ತನಕ ಬೈದ.
ರಾತ್ರಿ ನಮ್ಮ ಕೋಣೆ: ಆರು ಹಾಸಿಗೆ,
ಹಗ್ಗದ ತುಂಬ ಒದ್ದೆ ಲುಂಗಿ.
ಕತ್ತಲಲ್ಲಿ ಚಪ್ಪಾಳೆ ತಟ್ಟಿ ನೋಡಿದೆ.
ಟಪ್.
"ಮಲಗು ಮಾರಾಯ," ಅಂತು ಮೇಲಿನ ಮಂಚ.