ನಾಲ್ಕು ಸೊನ್ನೆ

ಮಪುಟೊ, ಡಿಸೆಂಬರ್. ಮೂರನೇ ಮಹಡಿಯ ಕೋಣೆ.
ಫ್ಯಾನು ತಿರುಗಿದ ಹಾಗೆ ನಟಿಸುತ್ತಿದೆ.
ಹನ್ನೊಂದು ಜನಕ್ಕೆ ಹನ್ನೊಂದು ಪ್ರತಿ,
ಪ್ರತಿ ಸಾಲಿನ ಕೊನೆಗೆ ನಾಲ್ಕು ಸೊನ್ನೆ.
ತುಂಬುವ ಕೆಲಸ ನನ್ನದು.

ನಾಲ್ಕೂ ತುಂಬಿದರೆ, ನಾಳೆ ಬರುವ ಅಧ್ಯಯನ
ಈ ಮಾತನ್ನು ಅಲುಗಿಸಲಾರದು.
ಮೂರಾದರೆ, ಬಹುಶಃ.
ಎರಡಾದರೆ ದನಿ ತಗ್ಗಿಸಿ ಹೇಳಬೇಕು.
ಒಂದೇ ಎಂದರೆ
ಗೊತ್ತಿಲ್ಲ ಎನ್ನುವುದಕ್ಕೆ ನಾವು ಕಂಡುಕೊಂಡ ಸಭ್ಯ ಗುರುತು.

ಪ್ರಶ್ನೆ ಸಣ್ಣದೇ:
ಬಸುರಿಯ ತೋಳಿಗೆ ಚುಚ್ಚಿದ ಸೂಜಿ
ಹುಟ್ಟಲಿರುವ ಕೂಸಿನ ಎದೆಗೂಡನ್ನು
ಆರು ತಿಂಗಳು ಕಾಯುತ್ತದೆಯೇ?

ಚೀಟಿ ಎತ್ತಿ, ಇವಳಿಗೆ ಮದ್ದು ಅವಳಿಗೆ ಉಪ್ಪುನೀರು ಎಂದು
ಹಂಚಿದ ಅಧ್ಯಯನಕ್ಕೆ
ಹುಟ್ಟುತ್ತಲೇ ನಾಲ್ಕು ಸೊನ್ನೆಯ ಆಸ್ತಿ.
ಆಮೇಲೆ ಕಳೆಯುತ್ತ ಹೋಗುವುದೇ ನಮ್ಮ ವಿದ್ಯೆ.

ಮೊದಲೆರಡು ಹಿಮದ ದೇಶದವು.
ಅಲ್ಲಿ ಆಸ್ಪತ್ರೆ ರಸ್ತೆಯಾಚೆಗಿದೆ,
ಕೂಸು ಏದುಸಿರು ಬಿಟ್ಟರೆ ಆಮ್ಲಜನಕ ಗೋಡೆಯಿಂದ ಬರುತ್ತದೆ.
ನಮ್ಮವರು ನಾಲ್ಕು ತಾಸು ನಡೆಯುತ್ತಾರೆ.
ಪರರ ಅಂಗಿ; ತೋಳು ಹೊಂದೀತು, ಹೊಂದದೆಯೂ ಇದ್ದೀತು.
ಒಂದು ಸೊನ್ನೆ ಖಾಲಿ.

ಡಾಕ್ಟರ್ ಮಬ್ಜಾಯಾ ಮೇಜು ಕುಟ್ಟಿದರು:
ನನ್ನ ಕ್ಲಿನಿಕ್ಕಿನಲ್ಲಿ ನಲವತ್ತು ಜನಕ್ಕೆ ಕೊಟ್ಟೆ,
ಒಂದು ಮಗುವೂ ಮಲಗಲಿಲ್ಲ, ಈ ಕಣ್ಣಲ್ಲಿ ಕಂಡೆ!
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು,
ಆ ಗಾದೆಗೇ ಸಂಬಳ ಪಡೆಯುವವಳು ನಾನು.
ಕೊಡದ ನಲವತ್ತು ಜನ ಎಲ್ಲಿ ಡಾಕ್ಟರೇ, ಎಂದೆ.
ಅವರು ಕಾಫಿಗೆ ಸಕ್ಕರೆ ಹಾಕಿಕೊಂಡರು. ಮೂರು ಚಮಚ.

ಮೂರನೆಯದು ನಮ್ಮದೇ, ಮಾನ್ಯಿಸಾದ್ದು.
ರಿಜಿಸ್ಟರು ಹಿಡಿದು ಬಂದವಳು ಎತೆಲ್ವೀನಾ ಮಕ್ವಾಕ್ವ;
ಮನೆಮನೆ ಸುತ್ತಿ ಹಿಮ್ಮಡಿ ಒಡೆದವಳು.
ಫಲಿತಾಂಶ ನೂರಕ್ಕೆ ಹನ್ನೆರಡರಿಂದ ಎಪ್ಪತ್ತೊಂದು:
ಆ ಬಾಗಿಲಲ್ಲಿ ಆನೆಯೂ ನುಗ್ಗಬಹುದು, ಇಲಿಯೂ.
ಜೊತೆಗೆ, ಕೊನೆಯ ಅಂಕಣದಲ್ಲಿ,
ಕಳೆದುಹೋದವರು: ಇನ್ನೂರ ಹದಿನಾಲ್ಕು.

ಕಳೆದುಹೋದವರಲ್ಲ, ಎಂದಳು ಎತೆಲ್ವೀನಾ.
ಫೆಬ್ರವರಿಯಲ್ಲಿ ಇಂಕೊಮಾತಿ ಉಕ್ಕಿತಲ್ಲ,
ಗುಡಿಸಲು ಹೋದವು, ಜನ ಹೋಗಲಿಲ್ಲ.
ಶಿನಾವಾನೆಯ ಕಬ್ಬಿನ ಗದ್ದೆಯಲ್ಲಿದ್ದಾರೆ,
ಅತ್ತೆಯ ಊರಲ್ಲಿದ್ದಾರೆ, ಗಡಿ ದಾಟಿದವರಿದ್ದಾರೆ.
ನಾನು ತಲುಪದವರು, ಅಷ್ಟೇ. ಹಾಗೆ ಬರೆಯಿರಿ.
ಹಾಗೆ ಬರೆಯುವ ಅಂಕಣ ನಮ್ಮಲ್ಲಿಲ್ಲ.
ಇನ್ನೊಂದು ಸೊನ್ನೆ ಖಾಲಿ ಮಾಡಿದೆ.
ಅವಳು ನನ್ನ ಪೆನ್ಸಿಲನ್ನೇ ನೋಡುತ್ತಿದ್ದಳು.

ಉಳಿದದ್ದು ಎರಡು.
ಇಷ್ಟಕ್ಕೆ ಅಷ್ಟು ಹಣವೇ, ಎಂದರು ಖಜಾನೆಯವರು.
ತಕ್ಕಡಿಯ ಆಚೆ ತಟ್ಟೆಯಲ್ಲಿ
ತೋಳಿನ ನೋವು, ಒಂದು ರಾತ್ರಿಯ ಜ್ವರ;
ಈಚೆಯದರಲ್ಲಿ ಉಗುರು ನೀಲಿಯಾದ ಕೂಸುಗಳು.
ನಂಬಿಕೆ ಅರ್ಧವಿದ್ದಾಗಲೂ ಕೈ ಪೂರ್ತಿ ಚಾಚಬೇಕಾದೀತು.
ಜಗಳ ಉಳಿದದ್ದು ಒಂದು ಕ್ರಿಯಾಪದಕ್ಕೆ:
ಶಿಫಾರಸು ಮಾಡುತ್ತೇವೆ ಎನ್ನುವುದೋ, ಸೂಚಿಸುತ್ತೇವೆ ಎನ್ನುವುದೋ.
ಮತಾಪಾ ತಣ್ಣಗಾಯಿತು, ಅನ್ನ ಗಟ್ಟಿಯಾಯಿತು.
ನಾಲ್ಕೂವರೆಗೆ ಗೆದ್ದದ್ದು: ಸೂಚಿಸುತ್ತೇವೆ.

ಮೆಟ್ಟಿಲಿಳಿಯುವಾಗ ಎತೆಲ್ವೀನಾ ಕೇಳಿದಳು,
ಮಾವಿನ ಮರದಡಿ ಕೂತ ಹೆಂಗಸರಿಗೆ ಏನು ಹೇಳಲಿ?
ಇದ್ದದ್ದು ಹೇಳು, ಎಂದೆ. ಸುಲಭವಾಗಿ ಎಂದುಬಿಟ್ಟೆ.
ಅವಳು ಕಪುಲಾನದ ಗಂಟು ಬಿಗಿದು
ತುಂಬಿದ ಚಾಪಾಗೆ ಓಡಿ ಹತ್ತಿದಳು.

ಜನವರಿಯ ಕೊನೆಗೆ ಫೋನಿಗೆ ಬಂತು ಸಂದೇಶ:
ಶಿನಾವಾನೆಯಲ್ಲಿ ಒಂದು ಸಿಕ್ಕಿತು. ಹೆಣ್ಣು.
ಕಬ್ಬಿನ ತುಂಡು ಚೀಪುತ್ತ ನನ್ನ ಕಾಲಿಗೆ ಜೋತುಬಿದ್ದಳು.
ಅವಳ ತಾಯಿಗೆ ಬಿದ್ದದ್ದು ಮದ್ದೋ ಉಪ್ಪುನೀರೋ
ಅವಳಿಗೂ ಗೊತ್ತಿಲ್ಲ, ನನಗೂ.
ಲಕೋಟೆ ಮುದ್ರೆಯೊಡೆಯದೆ ಇದೆಯಂತೆ.

ಒಂದು ಮಗುವಿಗೆ ಸೊನ್ನೆ ತುಂಬುವುದಿಲ್ಲ.
ಲೆಕ್ಕ ನನಗೆ ಚೆನ್ನಾಗಿ ಗೊತ್ತು.
ಆದರೂ ರಾತ್ರಿ ಕಡತ ತೆರೆದು
ಕೊನೆಯ ಅಂಕಣದ ನಾಲ್ಕನ್ನು ಅಳಿಸಿ
ಮೂರು ಬರೆದೆ.