ನುಂಗುವ ಡಬ್ಬಿ

"ಇಪ್ಪತ್ತು ಜಿಬಿ," ಎಂದ ತಂಗಿಯ ಮಗ ಎರ್ಮೆಕ್
ಬಿಷ್ಕೆಕ್ಕಿನ ಬಸ್ ನಿಲ್ದಾಣದಲ್ಲಿ, ಒಲ್ಲದ ಮನಸ್ಸಿನಿಂದ
ತನ್ನ ಹಾಡಿನ ಡಬ್ಬಿಯನ್ನು ನನ್ನ ಕೈಗಿಡುತ್ತ.
ಸವೆದ ಸಾಬೂನಿನಷ್ಟು ದಪ್ಪ. ಹೊಳೆವ ಬೆನ್ನ ತುಂಬ ಗೀರು.
"ದೊಡ್ಡಮ್ಮ, ಜಾಗ ಸಾಲದಿದ್ದರೆ ಕೊನೆಯವನ್ನು ಅಳಿಸು.
ಮೊದಲಿನವನ್ನು ಮುಟ್ಟಲೇಬೇಡ."

ನನ್ನ ಕೆಲಸ ಒರತೆಗಳ ಲೆಕ್ಕ.
ನೀರಿನ ಇಲಾಖೆಗೆ ಒಂದೊಂದು ಒರತೆಗೂ ಮೂರು ಫೋಟೋ:
ಕಣ್ಣು, ಹರಿವು, ಪಕ್ಕದಲ್ಲಿ ನೆಟ್ಟ ಅಳತೆಗೋಲು.
ಕ್ಯಾಮೆರಾದ ಕಾರ್ಡಿಗೆ ತೊಂಬತ್ತೇ ಚಿತ್ರದ ಹೊಟ್ಟೆ,
ಸಂಜೆಯೊಳಗೆ ತುಂಬಿ ತೇಗುತ್ತದೆ.

ರಾತ್ರಿ, ಯಾರದೋ ಉಣ್ಣೆ ಡೇರೆಯಲ್ಲಿ,
ಅದನ್ನು ಇದಕ್ಕೆ ಗೇಣುದ್ದ ತಂತಿಯಿಂದ ಕಟ್ಟುತ್ತೇನೆ.
ಡಬ್ಬಿಯೊಳಗೆ ಏನೋ ಎಚ್ಚೆತ್ತು ಗಿರ್ರನೆ ಸುತ್ತುತ್ತದೆ
ಅಂಗೈಯಲ್ಲಿ ಹಿಡಿದ ಗುಬ್ಬಿಯ ಎದೆಯ ಹಾಗೆ.
ಹನ್ನೊಂದು... ನಲವತ್ತು... ಅರವತ್ತಮೂರು...
ಬ್ಯಾಟರಿಯ ಗೆರೆಗಳು ಒಂದೊಂದೇ ಉದುರುತ್ತವೆ.
ಹಾಲು ಉಕ್ಕೀತೆಂದು ಒಲೆಯ ಮುಂದೆ ಕೂತವಳಂತೆ
ಕಣ್ಣು ಮಿಟುಕಿಸದೆ ಕೂತಿರುತ್ತೇನೆ.
ಆಮೇಲೆ ಕಾರ್ಡನ್ನು ಒರೆಸಿ ಖಾಲಿ ಮಾಡಬೇಕು.
ಆ ಗುಂಡಿ ಒತ್ತುವಾಗ ಪ್ರತಿ ಸಲವೂ
ಹೆಬ್ಬೆರಳು ಒಮ್ಮೆ ಹಿಂದೆ ಸರಿಯುತ್ತದೆ.

ಯಾಕೆಂದರೆ ಡಬ್ಬಿ ಚಿತ್ರ ನುಂಗುತ್ತದೆ, ತೋರಿಸುವುದಿಲ್ಲ.
ಅದರ ಪರದೆ ಬೂದು, ಬೆಂಕಿಪೊಟ್ಟಣದಗಲ.
ಅಲ್ಲಿ ಬರೀ ಹೆಸರುಗಳು. ಹಾಡುಗಳ ಕೆಳಗೆ
ಕೈದಿಗಳಂತೆ ನಂಬರು ಹೊತ್ತು ನಿಂತ ನನ್ನ ಒರತೆಗಳು.
ಇವೆ, ಅನ್ನುತ್ತದೆ.
ನಂಬಬೇಕು.

ಅರ್ಪಾ ಹುಲ್ಲುಗಾವಲಿನ ಕೊನೆಯ ಡೇರೆ ಬುರುಲ್ಚಾ ಅಜ್ಜಿಯದು.
ಹಿಂದಿನ ಸಂಜೆ ಅವಳದೊಂದು ಚಿತ್ರ ತೆಗೆದಿದ್ದೆ,
ತೊಗಲ ಚೀಲದಲ್ಲಿ ಕುದುರೆ ಹಾಲು ಕಡೆಯುತ್ತಿದ್ದಾಗ.
ಇಲಾಖೆಗೆ ಬೇಡದ ಚಿತ್ರ.
ಬೆಳಿಗ್ಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕೂತಳು:
"ಎಲ್ಲಿ, ನನ್ನ ಮುಖ ತೋರಿಸು."

ಕ್ಯಾಮೆರಾ ಖಾಲಿ.
ಇದರಲ್ಲಿದ್ದೀಯ ಅಜ್ಜಿ, ಎಂದು ಡಬ್ಬಿ ಕೊಟ್ಟೆ.
ತಿರುವಿ ಮುರುವಿ ನೋಡಿದಳು. ಗೀರು ಬಿದ್ದ ಬೆನ್ನಲ್ಲಿ
ಕೆನ್ನೆಯ ಒಂದು ಚೂರು ಕಂಡಿತೋ ಏನೋ.
"ಇದು ಹಾಡುವ ಡಬ್ಬಿ. ಇದರೊಳಗೆ ನನಗೇನು ಕೆಲಸ?"
ಹಾಡುಗಳ ನಡುವೆ ಜಾಗ ಮಾಡಿದ್ದೇನೆ, ಎಂದೆ.
"ಯಾರನ್ನು ಎಬ್ಬಿಸಿ?"

ಉತ್ತರವಿರಲಿಲ್ಲ.
ರಾತ್ರಿ ಮೂವತ್ತಾರು ಹಾಡು ಅಳಿಸಿದ್ದೆ,
ಕೊನೆಯವೇ, ಹೇಳಿದ್ದಂತೆ. ಹೆಸರು ಕೂಡ ಓದಿರಲಿಲ್ಲ.

ಕಿವಿಗೆ ಸಿಕ್ಕಿಸುವ ಎಳೆಗಳನ್ನು ಚಾಚಿದೆ. ಬೇಡವೆಂದಳು.
ತಲೆಯ ಬಿಳಿ ವಸ್ತ್ರ ಸರಿಸಿ
ಡಬ್ಬಿಯನ್ನೇ ಕಿವಿಗೆ ಒತ್ತಿಕೊಂಡಳು.
ನಾನು ಗುಂಡಿ ಒತ್ತಿದೆ. ಒಳಗೆ ಗುಬ್ಬಿ ಎದ್ದಿತು.
ಬಹಳ ಹೊತ್ತು ಕೇಳಿದಳು, ಹೊರಗೆ ಮರಿಯೊಂದು ಕೆನೆಯುವ ತನಕ.
"ಹೂಂ. ಇದ್ದೇನೆ," ಎಂದಳು.
ಎದ್ದು ಹಾಲು ಕರೆಯಲು ಹೋದಳು.

ಅಲ್ಲಿಂದ ಹನ್ನೊಂದು ದಿನ
ಕಾಲುಚೀಲದೊಳಗೆ ಕಾಲುಚೀಲ, ಅದರೊಳಗೆ ಡಬ್ಬಿ,
ಅದು ರೊಟ್ಟಿಗಳ ನಡುವೆ.
ಜೀಪು ಕುಣಿಗೆ ಬಿದ್ದಾಗಲೆಲ್ಲ
ನನ್ನ ಬೆನ್ನಿಗಿಂತ ಮೊದಲು ಅದಕ್ಕೆ ನೋವಾಯಿತೇ ಎಂದು ನೋಡುವುದು.

ಊರಲ್ಲಿ ಕಚೇರಿಯ ಕಂಪ್ಯೂಟರು ಎಲ್ಲವನ್ನೂ ಕಕ್ಕಿಸಿತು.
ಎರಡು ಒರತೆ ಮಾತ್ರ ಅರ್ಧಕ್ಕೇ ಬೂದಿಯಾಗಿದ್ದವು.
(ಮೇಲಧಿಕಾರಿ ಅವನ್ನು ಬತ್ತಿದವು ಎಂದು ಬರೆಸಿದರು.)
ಅಜ್ಜಿ ಇಡಿಯಾಗಿ ಬಂದಿದ್ದಳು,
ಕಡೆಯುವ ಕೈ ಮಾತ್ರ ಮಸುಕು.
ಎರ್ಮೆಕ್ ತನ್ನ ಪಟ್ಟಿಯನ್ನು ಕೊನೆಯವರೆಗೆ ಉರುಳಿಸಿದ.
ಏನೂ ಅನ್ನಲಿಲ್ಲ. ಒಂದು ವಾರ ಏನೂ ಅನ್ನಲಿಲ್ಲ.

ಮರುವರ್ಷ ಜೂನಿನಲ್ಲಿ, ಉಪ್ಪಿನ ಲಾರಿಯ ತೊಕ್ತೊಸುನ್ ಕೈಯಲ್ಲಿ
ಆ ಚಿತ್ರವನ್ನು ರಟ್ಟಿಗೆ ಅಂಟಿಸಿ ಕಳಿಸಿದೆ.
ಚಳಿ ಶುರುವಾದಾಗ ಸಿಕ್ಕ.
ಕೊಟ್ಟೆಯಾ? ಕೊಟ್ಟೆ.
ಏನಂದಳು?
"ಏನೂ ಇಲ್ಲ. ನೋಡಿದಳು.
ಆಮೇಲೆ ಅದನ್ನು ಕಿವಿಗೆ ಹಿಡಿದುಕೊಂಡಳು.
ನಾನು ಉಪ್ಪು ಇಳಿಸುತ್ತಿದ್ದೆ,
ಮುಂದಿನದು ನೋಡಲಿಲ್ಲ."