ನಾಲ್ಕನೆಯ ಮೆಟ್ಟಿಲು

ಲಿಯಪಾಯಾದಲ್ಲಿ ಗಾಳಿಗೆ ರಜೆಯಿಲ್ಲ.
'ಮಾರಾಟಕ್ಕಿದೆ' ಫಲಕವನ್ನು ಮೂರು ಸಲ ನೆಟ್ಟೆ,
ಮೂರು ಸಲವೂ ಪಕ್ಕದವರ ಎಲೆಕೋಸಿನ ಮಡಿಯಿಂದ ಹೆಕ್ಕಿ ತಂದೆ.

ಮನೆಯಲ್ಲಿ ಹೇಳಿಕೊಳ್ಳುವ ಕೊರತೆಯಿಲ್ಲ:
ಎರಡಂತಸ್ತು, ಹಂಚು ಹೊಸದು, ಒಲೆ ಹೊಗೆಯುಗುಳುವುದಿಲ್ಲ,
ಮಹಡಿಯ ಕಿಟಕಿಯಲ್ಲಿ ಬಾಲ್ಟಿಕ್ ಕಡಲಿನ ಒಂದು ಚೂರು,
ಕತ್ತು ಸ್ವಲ್ಪ ಕೊಂಕಿಸಿದರೆ.
ಬೆಲೆಯನ್ನು ಮಾರ್ಚಿನಲ್ಲಿ ಇಳಿಸಿದೆ, ಮೇಯಲ್ಲಿ ಇಳಿಸಿದೆ,
ಜುಲೈಯಲ್ಲಿ ಮುದುಕ ಅರ್ವೀದ್ಸ್ ಕೇಳಿದ:
"ಇನ್ನು ಕೊಂಡವರಿಗೆ ನಾನೇ ದುಡ್ಡು ಕೊಡಲೇನಮ್ಮಾ?"

ತೋರಿಸುವ ದಿನ ಒಲೆಯಲ್ಲಿ ದಾಲ್ಚಿನ್ನಿ ಬನ್ನು ಇಟ್ಟೆ,
ನಮ್ಮ ಕಸುಬಿನ ಹಳೇ ಉಪಾಯ.
ಬನ್ನು ತಿಂದರು.
ನರ್ಸ್ ಒಬ್ಬಳಿಗೆ ಅಡುಗೆಮನೆ ಕತ್ತಲು.
ರೀಗಾದ ದಂಪತಿಗೆ ಟ್ರ್ಯಾಮ್ ದೂರ,
ಅವರು ಬಂದದ್ದು ಕಾರಿನಲ್ಲಿ.
ಗೋಡೆಗೆ ಕಿವಿಯಿಟ್ಟು ತಟ್ಟಿ ತಟ್ಟಿ ನೋಡಿದವನು
"ಯೋಚಿಸುತ್ತೇನೆ" ಎಂದ; ಇನ್ನೂ ಯೋಚಿಸುತ್ತಿರಬೇಕು.

ಒಂಬತ್ತನೆಯವರು ಬಂದಾಗ ನಾನು ಕೆಳಗೇ ನಿಂತಿದ್ದೆ.
ಒಂದು, ಎರಡು, ಮೂರು, ಆಮೇಲೆ
ಹೆಂಗಸಿನ ಕಾಲು ತಡವರಿಸಿತು, ಕೈ ಗೋಡೆ ಹುಡುಕಿತು.
ನಕ್ಕಳು. ಗಂಡನೂ ಅಲ್ಲೇ ಎಡವಿ ನಕ್ಕ.
ಆ ನಗುವಿನ ನಂತರ ಅವರು ಏನನ್ನೂ ಅಳೆಯಲಿಲ್ಲ.

ಅವರು ಹೋದ ಮೇಲೆ ನಾನು ಅಳೆದೆ.
ನಾಲ್ಕನೆಯದು ಹೆಬ್ಬೆರಳಿನಷ್ಟು ಎತ್ತರ.
ಕಣ್ಣು ಹೊಟ್ಟೆಗೆ ಹಾಕಿಕೊಂಡದ್ದನ್ನು
ಕಾಲು ಹಾಕಿಕೊಳ್ಳದು.

"ಯಾವ ಮೆಟ್ಟಿಲು?" ಎಂದ ಅರ್ವೀದ್ಸ್, ನಿಜವಾಗಿ ಗೊತ್ತಿಲ್ಲದೆ.
ಹಡಗುಕಟ್ಟೆಯಲ್ಲಿ ಬಡಗಿಯಾಗಿದ್ದವ.
ತಡೆದು, "ಓ, ಅದಾ. ಎಪ್ಪತ್ತೆಂಟರಲ್ಲಿ
ಕೋಟಿನೊಳಗೆ ಬಚ್ಚಿಟ್ಟು ತಂದ ಓಕ್ ಹಲಗೆ.
ತುಸು ದಪ್ಪ. ಅಂಥ ಮರವನ್ನು ಯಾರಾದರೂ ಹೆರೆಯುತ್ತಾರೆಯೆ?"
ಹೇಳುತ್ತ ಹತ್ತಿ ಹೋದ, ಕೈಯಲ್ಲಿ ತುಂಬಿದ ಚಹಾ ಲೋಟ,
ಒಂದು ಹನಿ ತುಳುಕಲಿಲ್ಲ.
ಬಡಗಿಯನ್ನು ಕರೆಸೋಣ ಎಂದೆ.
"ಕರೆಸಿದ್ದೀಯಲ್ಲ" ಎಂದ, ಮೇಲಿನಿಂದ.

ನಿನ್ನೆ ಹನ್ನೊಂದನೆಯವರು.
ತೆರಿಗೆಯ ಲೆಕ್ಕ, ಸೌದೆಯ ಲೆಕ್ಕ
ಕತ್ತು ಹಿಂದಕ್ಕೆ ತಿರುಗಿಸಿ ಹೇಳುತ್ತ ನಾನೇ ಮುಂದೆ ಹತ್ತಿದೆ.
ಬೆನ್ನ ಹಿಂದೆ ಒಂದು ಉದ್ಗಾರ, ಗೋಡೆಗೆ ಧಪ್ಪೆಂದು ಅಂಗೈ.
"ಏನಾಯಿತು?" ಎಂದೆ.
ಕೇಳಿದ ಮೇಲೆ ಕೆಳಗೆ ನೋಡಿಕೊಂಡೆ:
ನಾನು ಆರನೆಯ ಮೆಟ್ಟಿಲಲ್ಲಿದ್ದೆ.